ಹೊಗೆ ತಾಗದ ಜಾಗ

ಗೋಡೆಯ ಮೇಲಿದ್ದ ಮಾವನನ್ನು ಸೌಮ್ಯ ಮಾವನೆಂದು ನೋಡುವುದನ್ನು ಬಿಟ್ಟು ಬಹಳ ದಿನಗಳಾಗಿದ್ದವು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಆ ಚಿಕ್ಕ ಕೋಣೆಯ ಬಾಗಿಲಲ್ಲಿ ನಿಂತರೆ ಅವಳ ಕಣ್ಣು ಮೊದಲು ಫೋಟೋದ ತುಟಿಯ ಕೆಂಪಿಗೆ ಹೋಗುತ್ತಿತ್ತು, ಆಮೇಲೆ ಹೆಗಲ ಮೇಲಿನ ಟವೆಲಿನ ಬಿಳುಪಿಗೆ, ಆಮೇಲೆ ಕಿವಿಯ ಹಿಂದಿನ ನೆರಳಿಗೆ. ಕೆಂಪು ಇನ್ನಷ್ಟು ಇಳಿದಿದೆ. ಬಿಳುಪು ಬೆಣ್ಣೆಯ ಬಣ್ಣಕ್ಕೆ ತಿರುಗಿದೆ. ಕಪ್ಪಗಿದ್ದ ನೆರಳು ಮಾಸಲು ಕಂದಾಗಿದೆ. ಸತ್ತ ಮನುಷ್ಯನನ್ನು, ಅದರಲ್ಲೂ ತನ್ನನ್ನು ಒಂದು ದಿನವೂ ಗದರದ ಮನುಷ್ಯನನ್ನು, ಲ್ಯಾಬಿನ ಸ್ಯಾಂಪಲ್ಲಿನಂತೆ ನೋಡುತ್ತೀನಲ್ಲ ಎಂದು ನಾಚಿಕೆಯಾಗುತ್ತಿತ್ತು. ನಾಚಿಕೆಪಟ್ಟುಕೊಂಡೇ ನೋಡುತ್ತಿದ್ದಳು. ಫೋಟೋ ಎಂದರೆ ಮುಖ ತಿರುಗಿಸುತ್ತಿದ್ದ ಮಾವ ಹುಚ್ಚಣ್ಣ, ಮಗ ಹರೀಶನ ಮದುವೆಯಲ್ಲಿ ಎಲೆ ಅಡಿಕೆ ಜಗಿಯುತ್ತ ಮೈಮರೆತಿದ್ದಾಗ ಒಂದೇ ಒಂದು ಸಲ ಸಿಕ್ಕಿಬಿದ್ದಿದ್ದರು. ಉಬ್ಬಿದ ಎಡಗೆನ್ನೆಯನ್ನು ಕಂಪ್ಯೂಟರಿನಲ್ಲಿ ಸಪಾಟು ಮಾಡಿಕೊಡುತ್ತೇನೆ ಎಂದು ಸ್ಟುಡಿಯೋದವನು ಹೇಳಿದಾಗ ಅತ್ತೆ ಚೆಲುವಮ್ಮ ಸುತರಾಂ ಒಪ್ಪಿರಲಿಲ್ಲ. ಈಗ ತುಟಿಯ ಕೆಂಪು ಹೋಗಿ ಕೆನ್ನೆಯ ಉಬ್ಬು ಮಾತ್ರ ಉಳಿದಿತ್ತು. ಹಲ್ಲುನೋವು ಬಂದು ಯಾರಿಗೂ ಹೇಳದೆ ಕೂತವರ ಹಾಗೆ ಕಾಣುತ್ತಿದ್ದರು.

"ಕಾಫಿ ಆರೋಯ್ತು ಕಣಮ್ಮ," ಎಂದು ಹಿಂದಿನಿಂದ ಚೆಲುವಮ್ಮನ ದನಿ ಬಂತು. ಸೊಸೆ ದಿನಾ ಮಾವನ ಮುಂದೆ ಹೀಗೆ ನಿಲ್ಲುವುದನ್ನು ಅವರು ಭಕ್ತಿಯೆಂದು ತಿಳಿದಿದ್ದರು. ಬಂದವರ ಹತ್ತಿರವೆಲ್ಲ ಹೇಳಿಕೊಂಡೂ ಇದ್ದರು. "ಬಾಡ್ತಾವ್ರೆ ಅಲ್ವಾ? ನೀನೂ ನೋಡ್ತಿದ್ದೀಯ, ನಂಗೊತ್ತು. ಹೊಟ್ಟೆಗೆ ಸಾಲ್ತಾ ಇಲ್ಲ ಅವ್ರಿಗೆ. ಬದುಕಿದ್ದಾಗ್ಲೂ ಅಂಗೇ, ಹಸಿವು ಅಂತ ಬಾಯ್ಬುಟ್ಟು ಕೇಳ್ದೋರಲ್ಲ. ಇವತ್ತು ಎಡೆ ಚೆನ್ನಾಗಿ ಇಡಾಣ. ಹರೀಶನ ಕೈಲಿ ಸಾಂಬ್ರಾಣಿ ಜಾಸ್ತೀನೇ ತರ್ಸಿವ್ನಿ. ಕೋಣೆ ತುಂಬಾ ಧೂಪ ಹಾಕಿ, ಬಾಗ್ಲು ಎಳ್ಕೊಂಡು, ವಸಿ ಹೊತ್ತು ಹೆಚ್ಗೇನೇ ಆಚೆ ಕೂತಿರಾಣ. ಸಮಾಧಾನವಾಗಿ ಉಣ್ಲಿ."

ಅಂದು ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ಸತ್ತವರ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಕೆಂಡದ ಮೇಲೆ ಸಾಂಬ್ರಾಣಿ ಸುರಿದು, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುವುದು ಈ ಮನೆಯ ಪದ್ಧತಿ. ನೋಡುತ್ತ ನಿಂತರೆ ಹಿರಿಯರು ಉಣ್ಣುವುದಿಲ್ಲ. ಕಿಟಕಿಯನ್ನೂ ಮುಚ್ಚಬೇಕು, ಬೆಕ್ಕು ನುಗ್ಗೀತು. ವರ್ಷದ ತಿಥಿಯಲ್ಲೂ ಹೀಗೇ, ಪ್ರತಿ ಅಮಾವಾಸ್ಯೆಯಲ್ಲೂ ಹೀಗೇ. ಹೋದ ಅಮಾವಾಸ್ಯೆಯಂದು ಬಾಗಿಲು ತೆರೆದಾಗ ಹೊಗೆಯೊಳಗಿಂದ ನಿಧಾನವಾಗಿ ಕಾಣಿಸಿಕೊಂಡ ಮಾವನ ಮುಖ ನೋಡಿ, ಬಣ್ಣ ತಿನ್ನುತ್ತಿರುವುದು ಈ ಹೊಗೆಯೇ ಎಂದು ಸೌಮ್ಯಳಿಗೆ ಹೊಳೆದಿತ್ತು. ಫೋಟೋ ಅಚ್ಚಾಗಿದ್ದ ಕಾಗದವನ್ನು ರೂಪಿಸಿದವಳು ಅವಳೇ. ಕಡಕೊಳದ ಕಾರ್ಖಾನೆಯಲ್ಲಿ ಬರೀ ಬಿಳಿ ಕಾಗದದ ಮೇಲೆ ಯಾವ ಲೇಪ ಎಷ್ಟು ಬಳಿದರೆ ಇಂಕ್‌ಜೆಟ್ ಪ್ರಿಂಟರಿನ ಬಣ್ಣ ಹರಡದೆ, ಅಳಿಸಿಹೋಗದೆ, ಕಣ್ಣಿಗೆ ಹೊಡೆಯುವಂತೆ ನಿಲ್ಲುತ್ತದೆ ಎಂದು ಕಂಡುಹಿಡಿಯುವುದು ಅವಳ ಕೆಲಸ. ಬಿಸಿಲಿಗೆ ಪರೀಕ್ಷೆ ಮಾಡಿದ್ದಳು, ನೀರಿಗೆ ಮಾಡಿದ್ದಳು, ಬೆರಳಿನ ಬೆವರಿಗೆ ಮಾಡಿದ್ದಳು. ಊದುಬತ್ತಿಯ ಊರಿನಲ್ಲಿ ಹುಟ್ಟಿ ಬೆಳೆದವಳು ಹೊಗೆಗೆ ಮಾಡಿರಲಿಲ್ಲ. ಅದು ಗೊತ್ತಾದ ಮೇಲೂ ಅತ್ತೆಗೆ ಹೇಳಿರಲಿಲ್ಲ. ಇವತ್ತು ಸಂಜೆ ಇನ್ನೊಮ್ಮೆ ಆ ಬಾಗಿಲು ಮುಚ್ಚಿದರೆ ಉಳಿದಿರುವುದೂ ಹೋಗುತ್ತದೆ. ಈಗ ಹೇಳಿಬಿಡಲೇ? ಕಾಫಿ ನಿಜವಾಗಿಯೂ ಆರಿಹೋಗಿತ್ತು. "ಹೂಂ ಅತ್ತೆ," ಎಂದಳು.

ಹರೀಶನಿಗೆ ಇದು ದೊಡ್ಡ ವಿಷಯವೇ ಅಲ್ಲ. ಹೋದ ತಿಂಗಳೇ ಅವನು, "ಇನ್ನೊಂದು ಪ್ರಿಂಟ್ ಹಾಕ್ಸಿದ್ರಾಯ್ತು ಬುಡವ್ವ, ಕಂಪ್ಯೂಟರ್‌ನಲ್ಲೇ ಐತಲ್ಲ," ಎಂದು ಹೇಳಿ ಬೈಸಿಕೊಂಡಿದ್ದ. "ಹನ್ನೊಂದ್ನೇ ದಿವ್ಸ ಕರ್ದು ಕೂರ್ಸಿರೋದು ಇದ್ರಲ್ಲಿ. ಇನ್ನೊಂದು ತಂದ್ರೆ ಅದು ಬರೀ ಚಿತ್ರ ಕಣೋ. ನಿಮ್ಮಪ್ಪನ್ನ ಎಲ್ಲಿಗೆ ಕಳುಸ್ತೀಯ?" ಎಂದು ಚೆಲುವಮ್ಮ ಕೇಳಿದ್ದರು. ಮುಖ ಬಾಡಿದಷ್ಟೂ ಚೆಲುವಮ್ಮ ಊದುಬತ್ತಿ ಹೆಚ್ಚಿಸಿದರು. ಆಮೇಲೆ ತಮ್ಮ ರಾತ್ರಿಯ ಊಟ ಬಿಟ್ಟರು. ಅವರಿಗೆ ಸಾಲದೇ ಇರುವಾಗ ನನ್ನ ಗಂಟಲಲ್ಲಿ ಹೇಗೆ ಇಳಿಯುತ್ತದೆ ಎಂಬುದು ಅವರ ವಾದ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಹಸಿದು ಮಲಗುವುದು, ಬೆಳಿಗ್ಗೆ ತಲೆಸುತ್ತು ಬಂದು ಗೋಡೆ ಹಿಡಿದು ನಿಲ್ಲುವುದು. ಹೋದ ವಾರ ಬಚ್ಚಲ ಬಾಗಿಲಲ್ಲಿ ಕುಸಿದು ಕೂತಿದ್ದರು. ಒಂದು ಮಾತಿನಿಂದ ನಿಲ್ಲಬಹುದಾದ ಉಪವಾಸ. ಆ ಮಾತು ಗೊತ್ತಿದ್ದವಳು ಅವರ ಬಾಯಿಗೆ ಸಕ್ಕರೆ ನೀರು ಹಾಕಿ, ಬೆನ್ನು ಸವರಿ, ಸೈ ಎನಿಸಿಕೊಂಡಿದ್ದಳು.

ನಂಜನಗೂಡು ರಸ್ತೆಯಲ್ಲಿ ಸ್ಕೂಟರ್ ಓಡಿಸುವಾಗ ಅವಳಿಗೆ ಪ್ರತಿದಿನ ತಾನು ಸರಿಯೆಂದು ಸಾಬೀತು ಮಾಡುವ ಹುಚ್ಚು ಹತ್ತುತ್ತಿತ್ತು. ಎರಡು ಲೇಪಗಳಿದ್ದವು. ಒಂದು ಅಂಟಿನಂಥದ್ದು, ಬಣ್ಣದ ಹನಿ ಬಿದ್ದರೆ ಉಬ್ಬಿ, ಹನಿಯನ್ನು ಒಳಗೆಳೆದುಕೊಂಡು, ಮೇಲೆ ಮುಚ್ಚಿಕೊಳ್ಳುತ್ತದೆ. ಗಾಳಿಗೆ ಹೊಗೆಗೆ ಜಗ್ಗುವುದಿಲ್ಲ. ಆದರೆ ಒಣಗಲು ಅರ್ಧ ದಿನ ಬೇಕು, ಮುಟ್ಟಿದರೆ ಬೆರಳಚ್ಚು. ಇನ್ನೊಂದು, ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಪುಡಿಯನ್ನು ಚೂರೇ ಚೂರು ಅಂಟಿನಲ್ಲಿ ಹಿಡಿದು ನಿಲ್ಲಿಸಿದ್ದು. ತುಂಬಾ ತೂತು, ಹೊಸ ಮಡಕೆಯಂತೆ. ಹನಿ ಬಿದ್ದದ್ದೇ ತಡ ಕುಡಿದುಬಿಡುತ್ತದೆ, ಒಂದೇ ನಿಮಿಷದಲ್ಲಿ ಒಣಗುತ್ತದೆ, ಬಣ್ಣ ಝಗ್ಗೆನ್ನುತ್ತದೆ. ಯಾವುದು ಎಂದು ಮ್ಯಾನೇಜರ್ ಯೋಗೇಂದ್ರ ಕೇಳಿದ್ದರು. ಅವಳಿಗೆ ಯೋಚನೆಯೇ ಬೇಕಿರಲಿಲ್ಲ. "ಮೊದಲನೇದು ಹಳೇ ಕಾಲದ್ದು ಸಾರ್," ಎಂದಿದ್ದಳು. ಸತ್ತವರ ಮನೆಯವರಿಗೆ ಫೋಟೋ ಗಂಟೆಯೊಳಗೆ ಬೇಕಿರುತ್ತದೆ, ಶಾಮಿಯಾನದ ಕೆಳಗೆ ಇಡಲು. ಅರ್ಧ ದಿನ ಯಾರು ಕಾಯುತ್ತಾರೆ ಎಂದು ಸ್ಟುಡಿಯೋದವರ ಪರವಾಗಿ ಅವಳೇ ವಾದಿಸಿದ್ದಳು. ಬಣ್ಣವನ್ನು ಅಷ್ಟು ಆಸೆಯಿಂದ ಕುಡಿಯುವ ಕಾಗದ ಬಣ್ಣವನ್ನಷ್ಟೇ ಕುಡಿದು ಸುಮ್ಮನಾಗುತ್ತದೆ ಎಂದು ಹೇಗೆ ಅಂದುಕೊಂಡಳೋ. ಅದು ಎಲ್ಲವನ್ನೂ ಕುಡಿಯುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿಯ ಹೊಗೆಯನ್ನೂ ಬಣ್ಣದಷ್ಟೇ ಸರಾಗವಾಗಿ ಕುಡಿಯುತ್ತದೆ, ಕುಡಿದ ಹೊಗೆ ಬಣ್ಣವನ್ನೇ ತಿನ್ನುತ್ತದೆ.

ಗಾಜಾದರೂ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ. ಹನ್ನೊಂದನೇ ದಿನದ ಕಾರ್ಯದಲ್ಲಿ ಚೆಲುವಮ್ಮ ಫೋಟೋದ ಮುಂದೆ ಕೂತು ಕಣ್ಣು ಕಿರಿದು ಮಾಡಿ ಒದ್ದಾಡುತ್ತಿದ್ದರು. ಪೊರೆಯ ಆಪರೇಷನ್ ಆದ ಮೇಲೆ ಅವರಿಗೆ ಹೊಳಪು ಆಗುತ್ತಿರಲಿಲ್ಲ. "ದೀಪಾನೇ ಕಾಣ್ತದೆ, ನನ್ ಮೊಕಾನೇ ಕಾಣ್ತದೆ, ಅವ್ರು ಕಾಣಾಕಿಲ್ಲ," ಎಂದು ಅಳುದನಿಯಲ್ಲಿ ಹೇಳಿದಾಗ ಸೌಮ್ಯ ಎದ್ದು ಗಾಜು ತೆಗೆಸಿದ್ದಳು. ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. ನೆಂಟರೆಲ್ಲ ನೋಡುತ್ತಿದ್ದಾರೆಂದು ತಿಳಿದು, ಪಂಚಪಾತ್ರೆಯ ನೀರಲ್ಲಿ ಬೆರಳದ್ದಿ, ಮಾವನ ಕೆನ್ನೆಯ ಮೇಲೆ ಗಸಗಸ ಉಜ್ಜಿ, "ನೋಡಿ, ಏನೂ ಆಗಲ್ಲ. ಇದು ನಾನೇ ಮಾಡಿರೋ ಪೇಪರ್. ಗಾಜೇ ಬೇಕಾಗಿಲ್ಲ," ಎಂದಿದ್ದಳು. ಜನ ಹತ್ತಿರ ಬಂದು ಬಗ್ಗಿ ನೋಡಿದ್ದರು. ಹುಚ್ಚಣ್ಣನ ಜೊತೆಗಾರ ಮೂಗಯ್ಯ, "ಅಂಗಾದ್ರೆ ನಮ್ ಹುಚ್ಚಣ್ಣ ಇನ್ನು ಸಾಯಾಕಿಲ್ಲ ಬುಡು," ಎಂದು ಅಂಥಾ ಹೊತ್ತಿನಲ್ಲೂ ಎಲ್ಲರನ್ನೂ ನಗಿಸಿದ್ದ. ಅವಳೂ ನಕ್ಕಿದ್ದಳು. ಹಾಳಾದ ಜಂಭ. ಸತ್ತ ಮಾವನ ಕೆನ್ನೆಯ ಮೇಲೆ ಸರ್ಕಸ್ಸು ತೋರಿಸಿದ ಹಾಗಾಯಿತಲ್ಲ ಎಂದು ಆಗ ಅನ್ನಿಸಿರಲಿಲ್ಲ. ಈಗ ಸ್ಕೂಟರ್ ಮೇಲೆ, ಮುಂದಿನ ಲಾರಿಯ ಧೂಳಿನಲ್ಲಿ, ಕಿವಿ ಬಿಸಿಯಾಗುವಷ್ಟು ಅನ್ನಿಸುತ್ತಿತ್ತು.

ಕಾರ್ಖಾನೆಯಲ್ಲಿ ಯೋಗೇಂದ್ರರ ಕೋಣೆಯಿಂದ ಕರೆ ಬಂತು. ಒಳಗೆ ಅಗ್ರಹಾರದ ಸ್ಟುಡಿಯೋದ ದೇವರಾಜು ಕೂತಿದ್ದ. ಅವರ ಕಾಗದದ ಬಹಳ ದಿನದ ಗಿರಾಕಿ. ಸತ್ತವರ ಫೋಟೋಗಳನ್ನು ಬೋರ್ಡಿಗೆ ಅಂಟಿಸಿ, ಗಾಜಿಲ್ಲದ ಫ್ರೇಮಿನಲ್ಲಿ ಮಾರುವುದು ಅವನ ಕಸುಬು. ಅವನು ಚೀಲದಿಂದ ಒಂದೊಂದೇ ಫೋಟೋ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಹಬ್ಬಕ್ಕೆಂದು ಊರಿನವರೆಲ್ಲ ತಮ್ಮ ಹಿರಿಯರನ್ನು ಗೋಡೆಯಿಂದ ಇಳಿಸಿ ಒರೆಸಿದ್ದಾರೆ, ಆಗ ಕಂಡಿದೆ. ಜರಿಪೇಟದ ಒಬ್ಬ ಮುದುಕ, ಮೂಗುತಿಯ ಮುದುಕಿ, ಮೀಸೆ ಚಿಗುರುತ್ತಿದ್ದ ಒಬ್ಬ ಹುಡುಗ. ಎಲ್ಲರ ಹಣೆಯಲ್ಲೂ ಕುಂಕುಮ ಹೊಸದಾಗಿ ಕೆಂಪಗಿತ್ತು, ಅದರ ಕೆಳಗೆ ಮುಖಗಳು ಮಾತ್ರ ಕಾಮಾಲೆ ಬಂದವರಂತೆ ಹಳದಿಯಾಗಿದ್ದವು. ಸೌಮ್ಯ ಅವರ ತುಟಿಗಳನ್ನು ನೋಡಿದಳು. ಒಂದರಲ್ಲೂ ಕೆಂಪು ಉಳಿದಿರಲಿಲ್ಲ.

"ಈ ಹುಡುಗನ ತಾಯಿ ಅಂಗಡಿ ಮುಂದೆ ಬಂದು ಕೂತವ್ರೆ ಸಾರ್," ಎಂದ ದೇವರಾಜು. "ಬಯ್ಯಲ್ಲ, ಕೂಗಾಡಲ್ಲ. ಸುಮ್ನೆ ಕೂತವ್ರೆ. ನಾನು ಏನು ಹೇಳ್ಲಿ?"

ಯೋಗೇಂದ್ರ ಕೆಟ್ಟ ಮನುಷ್ಯರಲ್ಲ. ಅವರು ಹುಡುಗನ ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, ಮೆಲ್ಲಗೆ ಕೆಳಗಿಟ್ಟರು. ಆದರೆ ಗೋದಾಮಿನಲ್ಲಿ ಅದೇ ಕಾಗದ ಪೇರಿಸಿಟ್ಟಿತ್ತು, ದೀಪಾವಳಿಯೊಳಗೆ ಹೋಗಬೇಕಿತ್ತು. "ಮೇಡಂ, ನೀವೇ ಹೇಳಿ," ಎಂದರು. "ನೀವೇ ತಾನೇ ಮಾಡಿದ್ದು. ಪೇಪರ್‌ದು ತಪ್ಪಾ, ಇಟ್ಟಿರೋ ಜಾಗದ್ದಾ?"

ಅವಳಿಗೆ ಸತ್ಯ ಹೇಳಬೇಕೆಂದೇ ಇತ್ತು. ಬಾಯಿ ತೆರೆದಾಗ ಹೊರಬಂದದ್ದು ಬೇರೆ. "ಪೇಪರ್‌ನಲ್ಲಿ ದೋಷ ಇಲ್ಲ ಸಾರ್. ಮುಚ್ಚಿದ ಜಾಗದಲ್ಲಿ ಹೊಗೆ ಹಾಕಿದ್ದಾರೆ. ಹೊಗೆಯಿಂದ ಬಣ್ಣ ಹೋಗಿದೆ." ಒಂದು ಅಕ್ಷರವೂ ಸುಳ್ಳಲ್ಲ. ಎಷ್ಟು ನಯವಾಗಿ, ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಅಚ್ಚರಿಯಾಯಿತು; ಆಮೇಲೆ ಒಂದು ಕ್ಷಣ ಹಾಯೆನಿಸಿತು. ಯೋಗೇಂದ್ರ ತಲೆಯಾಡಿಸಿ, ಹಾಗಾದರೆ ಇನ್ನು ಮೇಲೆ ಪ್ಯಾಕೆಟ್ಟಿನ ಮೇಲೆ "ಹೊಗೆ ತಾಗದ ಜಾಗದಲ್ಲಿ ಇಡಿ" ಎಂದು ಅಚ್ಚು ಹಾಕಿಸೋಣ ಎಂದರು.

ದೇವರಾಜು ಅವರಿಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದ. "ಸತ್ತೋರ ಫೋಟೋನ ಹೊಗೆ ತಾಗ್ದೆ ಇರೋ ಕಡೆ ಎಲ್ಲಿ ಇಡೋದು ಸಾರ್?" ಎಂದ. ವ್ಯಂಗ್ಯವಿರಲಿಲ್ಲ. ಯಾರಾದರೂ ಹೇಳಿದರೆ ಹಾಗೇ ಮಾಡುವವನ ಹಾಗೆ ಕೇಳಿದ. ಅವನು ಫೋಟೋಗಳನ್ನು ಒಂದರ ಮೇಲೊಂದು ಇಡದೆ, ನಡುವೆ ಪತ್ರಿಕೆಯ ಹಾಳೆ ಸೇರಿಸುತ್ತ, ಚೀಲಕ್ಕೆ ತುಂಬಿಕೊಂಡು ಹೋದ. ಹೋಗುವಾಗ "ಬತ್ತೀನಿ ಮೇಡಂ" ಎಂದು ರೂಢಿಯಂತೆ ಕೈ ಮುಗಿದದ್ದು ಸೌಮ್ಯಳಿಗೆ ಕೆನ್ನೆಗೆ ಹೊಡೆದಂತಾಯಿತು.

ಮಧ್ಯಾಹ್ನವೆಲ್ಲ ಅವಳು ಲ್ಯಾಬಿನಲ್ಲಿ ಕೂತು ಏನನ್ನೂ ಮಾಡಲಿಲ್ಲ. ಊಟದ ಡಬ್ಬಿ ತೆರೆಯಲಿಲ್ಲ. ಲೇಪದ ದ್ರಾವಣ ಬಕೆಟ್ಟಿನಲ್ಲಿ ತಿರುಗುತ್ತಿತ್ತು, ಹಾಲಿನಂತೆ ಬೆಳ್ಳಗೆ. ಆ ಹುಡುಗನ ತಾಯಿ ಸ್ಟುಡಿಯೋ ಮೆಟ್ಟಿಲ ಮೇಲೆ ಕೂತದ್ದು ಕಣ್ಣಿಗೆ ಕಟ್ಟಿತು. ಅವಳನ್ನು ಕಂಡೇ ಇಲ್ಲದಿದ್ದರೂ ಸೀರೆಯ ಬಣ್ಣವೂ ಕಾಣಿಸಿತು, ಅದು ಅತ್ತೆಯ ಬೂದು ಸೀರೆಯೇ ಆಗಿತ್ತು. ಹಳೆಯ ಅಂಟಿನ ಲೇಪಕ್ಕೇ ಹೋಗೋಣ ಎಂದು ನಾಳೆ ಯೋಗೇಂದ್ರರಿಗೆ ಹೇಳಬೇಕು. ನಾಳೆ. ಇವತ್ತು ಮನೆಗೆ ಹೋಗಿ ಅತ್ತೆಗೆ ಹೇಳಬೇಕು, ಬಾಗಿಲು ಮುಚ್ಚುವ ಮೊದಲೇ ಹೇಳಬೇಕು. ಅತ್ತೆ, ತಪ್ಪು ನನ್ನದು. ನಾನು ಮಾಡಿದ ಪೇಪರ್ ಸರಿಯಿಲ್ಲ. ಮಾವ ಹಸಿದಿಲ್ಲ, ನೀವು ಊಟ ಮಾಡಿ. ಅವಳು ಇದನ್ನು ಬಾಯಿಪಾಠ ಮಾಡಿಕೊಳ್ಳುವಂತೆ ಮನಸ್ಸಿನಲ್ಲೇ ಹೇಳಿಕೊಂಡಳು. ವಾಪಸು ಬರುವಾಗ ದಾರಿಯುದ್ದಕ್ಕೂ ಹೇಳಿಕೊಂಡಳು. ಬಾಳೆ ಎಲೆ, ಸೇವಂತಿಗೆ ಕೊಳ್ಳುವವರು ರಸ್ತೆಗೆ ಅಡ್ಡಲಾಗಿ ಗಾಡಿ ನಿಲ್ಲಿಸಿದ್ದರು. ಹಾರ್ನ್ ಹೊಡೆಯುತ್ತ ನಿಂತವರ ನಡುವೆ ಅವಳು, ನಾನು ಮಾಡಿದ ಪೇಪರ್, ನಾನು ಮಾಡಿದ ಪೇಪರ್, ಎನ್ನುತ್ತ ಒಂದು ಕಾಲೂರಿ ನಿಂತಿದ್ದಳು.

ಕುವೆಂಪುನಗರದ ಮನೆ ತಲುಪುವಾಗ ತಡವಾಗಿತ್ತು. ಗೇಟಿನಲ್ಲೇ ಕೋಳಿ ಸಾರಿನ ವಾಸನೆ ಬಂತು. ಚಿಕ್ಕ ಕೋಣೆಯಲ್ಲಿ ಎಡೆ ಬಡಿಸಿ ಆಗಿತ್ತು: ಮುದ್ದೆ, ಸಾರು, ಕಜ್ಜಾಯ, ಎಳ್ಳುಂಡೆ, ಒಂದು ಕಟ್ಟು ಬೀಡಿ, ಪಕ್ಕದಲ್ಲಿ ಚಿಗುರೆಲೆಯ ತಾಂಬೂಲ. ಹರೀಶ ಕಿಟಕಿಯ ಅಗುಳಿ ಹಾಕುತ್ತಿದ್ದ. ಚೆಲುವಮ್ಮ ಮಿಂದು, ಒದ್ದೆ ಕೂದಲಿಗೆ ಗಂಟು ಹಾಕಿ, ಧೂಪದ ಬಟ್ಟಲಿನಲ್ಲಿ ಕೆಂಡ ತುಂಬಿಕೊಂಡು ಬಾಗಿಲಿನತ್ತ ಬರುತ್ತಿದ್ದರು. ಬೆಳಗಿನಿಂದ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ.

"ಬಂದ್ಯಾ? ನಿನ್ಗೇ ಕಾಯ್ತಿದ್ದೆ ಕಣವ್ವ. ಕಾಲು ತೊಳ್ಕೊಂಡು ಬಾ, ನೀನೇ ಸಾಂಬ್ರಾಣಿ ಹಾಕು. ನಿನ್ನ ಕಂಡ್ರೆ ಅವ್ರಿಗೆ ಇಷ್ಟ."

ಸೌಮ್ಯ ಚಪ್ಪಲಿಯನ್ನೂ ಬಿಡದೆ ಬಾಗಿಲಿಗೆ ಅಡ್ಡ ನಿಂತಳು. "ಅತ್ತೆ, ಧೂಪ ಬೇಡ."

"ಯಾಕೆ?"

ದಾರಿಯುದ್ದಕ್ಕೂ ಹೇಳಿಕೊಂಡ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹರೀಶ ತಿರುಗಿ ನೋಡಿದ. ಗೋಡೆಯಿಂದ ಮಾವ ನೋಡುತ್ತಿದ್ದರು. "ನಿಮ್ಮ ಧೂಪದಿಂದಲೇ ಅತ್ತೆ, ಮಾವನ ಮುಖ ಹೋಗ್ತಿರೋದು," ಎಂದಳು. "ನೀವು ಬಾಗಿಲು ಮುಚ್ಚಿ ಹೊಗೆ ಹಾಕ್ತೀರಲ್ಲ, ಆ ಹೊಗೆ ಬಣ್ಣಾನ ತಿಂತಿದೆ. ಹೊಟ್ಟೆಗೆ ಸಾಲ್ದೆ ಅಲ್ಲ." ಬೆಳಿಗ್ಗೆ ಯೋಗೇಂದ್ರರ ಕೋಣೆಯಲ್ಲಿ ಬಂದ ದನಿಯೇ ಇದು, ಅಷ್ಟೇ ನಯವಾಗಿತ್ತು. ಒಂದು ಅಕ್ಷರವೂ ಸುಳ್ಳಲ್ಲ.

ಚೆಲುವಮ್ಮನಿಗೆ ಒಮ್ಮೆಗೇ ಅರ್ಥವಾಗಲಿಲ್ಲ. ಕೆಂಡದ ಬಟ್ಟಲನ್ನು ನೋಡಿದರು, ಗೋಡೆಯನ್ನು ನೋಡಿದರು. ತುಟಿ ಅಲುಗಿತು. ಅಮಾವಾಸ್ಯೆಗಳನ್ನು ಲೆಕ್ಕ ಹಾಕುತ್ತಿದ್ದಾರೆಂದು ಸೌಮ್ಯಳಿಗೆ ತಿಳಿಯಿತು. "ಅಂಗಾದ್ರೆ ನಾನೇನಾ?" ಎಂದರು. "ನಾನೇ ಅಳುಸ್ದೆನಾ ಅವ್ರನ್ನ?"

"ಅಯ್ಯೋ, ಇಲ್ಲ ಅತ್ತೆ. ಪೇಪರ್ ಸರಿಯಿಲ್ಲ. ನಾನು ಮಾಡಿದ್ದು, ತಪ್ಪು ನಂದು. ಹೊಗೆ ಹೀರದ ಹಾಗೆ ಮಾಡ್ಬೋದಿತ್ತು, ನಾನು ಮಾಡ್ಲಿಲ್ಲ." ಈಗ ಅದು ಧಾರಾಳವಾಗಿ ಬಂತು. ಹೇಳಿದಷ್ಟೂ ಸಮಾಧಾನದ ಮಾತಿನಂತೆ ಕೇಳಿಸಿತು. ದುಃಖದ ಮನೆಯಲ್ಲಿ ಯಾರೋ ಬಂದು ನಿಮ್ಮದೇನೂ ತಪ್ಪಿಲ್ಲ ಎನ್ನುತ್ತಾರಲ್ಲ, ಹಾಗೆ.

"ನೀನೇನ್ ಮಾಡ್ದೆ ಬುಡವ್ವ," ಎಂದರು ಚೆಲುವಮ್ಮ. "ನೀನು ಒಳ್ಳೇದಾಗ್ಲಿ ಅಂತಾನೇ ಮಾಡ್ಕೊಟ್ಟೆ. ಹೊಗೆ ಹಾಕ್ದೋಳು ನಾನು ತಾನೇ." ಬಟ್ಟಲನ್ನು ಹರೀಶನ ಕೈಗೆ ಕೊಟ್ಟು, "ಆಚೀಗೆ ತಕೊಂಡೋಗಿ ನೀರು ಹಾಕ್ಬುಡು, ಬೇಗ," ಎಂದರು. ಹಿತ್ತಲಲ್ಲಿ ಕೆಂಡ ಚೊಂಯ್ ಎಂದದ್ದು ಒಳಗೆ ಕೇಳಿಸಿತು. ಮೂಲೆಯ ಊದುಬತ್ತಿಯನ್ನು ಅವರೇ ಕಿತ್ತು, ಬೆರಳು ಸುಡುವುದನ್ನೂ ಲೆಕ್ಕಿಸದೆ, ತುದಿಯನ್ನು ನೆಲಕ್ಕೆ ಒತ್ತಿ ಆರಿಸಿದರು. ದೀಪವನ್ನು ಫೋಟೋದಿಂದ ದೂರಕ್ಕೆ, ಬಾಗಿಲ ಪಕ್ಕಕ್ಕೆ, ಆಮೇಲೆ ಅಲ್ಲಿಂದಲೂ ಎತ್ತಿ ನಡುಮನೆಗೆ ಸರಿಸಿದರು. ಕೋಣೆ ಮಬ್ಬಾಯಿತು. "ಕಿಟಕಿ ತೆಗೆಯೋ," ಎಂದು ಹಿಂತಿರುಗಿದ ಮಗನಿಗೆ ಹೇಳಿದರು. ಅವನು ತೆಗೆದ.

ಹಣೆಗೆ ಕುಂಕುಮ ಇಡುವುದೊಂದು ಬಾಕಿಯಿತ್ತು. ಚೆಲುವಮ್ಮ ಬೆರಳ ತುದಿಗೆ ಕುಂಕುಮ ಹಚ್ಚಿಕೊಂಡು ಫೋಟೋದ ಹತ್ತಿರ ಹೋದರು. ದಿನಾ ಅವರು ಅಲ್ಲಿ ನಿಂತು ಗಂಡನ ಹತ್ತಿರ ಮಾತಾಡುತ್ತಿದ್ದರು, ತರಕಾರಿಯ ರೇಟಿನಿಂದ ಹಿಡಿದು ಮಂಡಿನೋವಿನ ತನಕ. ಅಡಿಗೆಮನೆಗೆ ಗುಣುಗುಣು ಕೇಳಿಸುತ್ತಿತ್ತು. ಇವತ್ತೂ ಏನೋ ಹೇಳಲು ಮುಖ ಮುಂದೆ ಚಾಚಿದವರು ತಟ್ಟನೆ ನಿಂತು, ಸೆರಗು ಎಳೆದು ಮೂಗು ಬಾಯಿಗೆ ಅಡ್ಡ ಹಿಡಿದರು. ಬಟ್ಟೆಯೊಳಗಿಂದಲೇ, ಸೊಸೆಯ ಕಡೆ ತಿರುಗಿ ಕೇಳಿದರು:

"ಉಸ್ರು ತಾಗಿದ್ರೂ ಹೋಗ್ತದೇನವ್ವ?"

ಇಲ್ಲ ಅತ್ತೆ ಎನ್ನಬೇಕಿತ್ತು, ಅಷ್ಟೇ. ಆದರೆ ಉಸಿರಿನಲ್ಲಿ ತೇವ ಇರುತ್ತದೆ, ತೇವಕ್ಕೆ ಈ ಬಣ್ಣ ಚೂರು ಸರಿಯುತ್ತದೆ, ಎಷ್ಟು ಹತ್ತಿರದಿಂದ, ದಿನಕ್ಕೆ ಎಷ್ಟು ಹೊತ್ತು ಎಂದು ಅವಳ ತಲೆ ತನ್ನ ಪಾಡಿಗೆ ಲೆಕ್ಕಕ್ಕೆ ಇಳಿದುಬಿಟ್ಟಿತ್ತು. ತನಗೇ ಹೇಸಿಕೆಯಾಗಿ ಅದನ್ನು ಕೊಡವಿ, "ಇಲ್ಲ" ಎಂದು ಬಾಯಿ ತೆರೆಯುವಷ್ಟರಲ್ಲಿ ಚೆಲುವಮ್ಮ ಅವಳ ಮುಖದಲ್ಲಿ ಉತ್ತರ ಓದಿಕೊಂಡಿದ್ದರು. ಕೈ ನೀಡಿ, ಮೈಯನ್ನು ಆದಷ್ಟು ದೂರ ಇಟ್ಟುಕೊಂಡು, ಗಂಡನ ಹಣೆಗೆ ಕುಂಕುಮ ಮುಟ್ಟಿಸಿದರು. ಸೆರಗನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದು, ಅವರಿಗೆ ಬೆನ್ನು ಮಾಡದೆ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಬಂದರು. ಹೊಸಿಲು ದಾಟಿದ ಮೇಲೆಯೇ ಉಸಿರು ಬಿಟ್ಟರು.